ತಂತಿ ತೆಗೆದ ರಾತ್ರಿ

ಟಿಕ್.

ಉಗುರಿನಿಂದ ಡಬ್ಬಿಯ ಮುಚ್ಚಳ ತಟ್ಟಿದಷ್ಟು ಸಣ್ಣ ಸದ್ದು. ಅವಳು ಕಣ್ಣು ಬಿಟ್ಟಳು. ಹಜಾರದ ಮೇಜಿನ ಮೇಲೆ ಸಂಜೆಯಿಂದ ಗುಂಯ್‌ಗುಡುತ್ತಿದ್ದ ಪಂಪು ಸುಮ್ಮನಾಗಿತ್ತು. ಪಕ್ಕದಲ್ಲಿ ಗಂಡ ಇರಲಿಲ್ಲ.

ಅದು ಆಸ್ಪತ್ರೆಗಳಲ್ಲಿ ರೋಗಿಯ ಮೈಗೆ ಔಷಧಿಯನ್ನು ಹನಿಹನಿಯಾಗಿ ನೂಕುವ ಸಿರಿಂಜ್ ಪಂಪು. ಕೆಳಗೆ ಮಾವನ ವರ್ಕ್‌ಶಾಪು, ಮೇಲೆ ಮನೆ. ಪಂಪಿನೊಳಗಿನ ಕೋಡು ಬರೆದವನು ಗಂಡ, ಅದರ ಜೊತೆ ಹೋಗುವ ಕೈಪಿಡಿ ಬರೆಯುವವಳು ಅವಳು. ‘ಗುಂಡಿ ಒತ್ತಿ’ ಎನ್ನಬೇಕೋ ‘ಒತ್ತಿ ಹಿಡಿಯಿರಿ’ ಎನ್ನಬೇಕೋ ಎಂದು ಅರ್ಧ ದಿನ ಯೋಚಿಸುವವಳು.

ಹೊಸ ಪಂಪಿಗೆ ಒಂದು ಕಾಯಿಲೆ ಅಂಟಿಕೊಂಡಿತ್ತು. ವಾರಗಟ್ಟಲೆ ಸರಿಯಾಗಿ ಓಡಿ, ಯಾವಾಗಲೋ ಒಮ್ಮೆ ಮೋಟಾರು ನಿಂತುಬಿಡುತ್ತಿತ್ತು. ಪರದೆಯ ಮೇಲೆ ಮಾತ್ರ ಅಂಕಿ ಏರುತ್ತಲೇ ಇರುತ್ತಿತ್ತು, ಔಷಧಿ ಹೋಗುತ್ತಿದೆ ಎಂಬಂತೆ. ಗಂಡ ತಲೆ ಚಚ್ಚಿಕೊಂಡು ಹುಡುಕಿದ. ಸಿಗಲಿಲ್ಲ.

“ಏನಪ್ಪಾ ಇಂಜಿನಿಯರ್ರೇ, ಹೆತ್ತೋರಿಗೇ ಮಗು ಯಾಕೆ ಅಳುತ್ತೆ ಅಂತ ಗೊತ್ತಾಗ್ಲಿಲ್ವಾ?” ಊಟಕ್ಕೆ ಕೂತಾಗಲೆಲ್ಲ ಮಾವ ಶುರು ಮಾಡುತ್ತಿದ್ದರು. “ಸರಿ, ಹೊರಗಿನವರನ್ನ ಕರೆಸ್ತೀನಿ. ಹುಡುಕಿಕೊಟ್ಟೋರಿಗೆ ನಿನ್ನ ಕುರ್ಚಿ. ನೀನು ಕೆಳಗೆ ಕೂತು ಡಬ್ಬಿಗೆ ಲೇಬಲ್ ಅಂಟಿಸು. ಅದಾದ್ರೂ ನೆಟ್ಟಗೆ ಅಂಟುತ್ತಾ ನೋಡೋಣ.”

ಗಂಡ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಮಾವ ಆಡಿದ್ದನ್ನು ಮಾಡುವ ಮನುಷ್ಯ. ಸ್ವಂತ ತಮ್ಮನನ್ನೇ ಗೇಟಿನಾಚೆ ನಿಲ್ಲಿಸಿ ಬೀಗ ಬದಲಾಯಿಸಿದವರು.

ಕಾಂಟ್ರ್ಯಾಕ್ಟಿಗೆ ಜನ ಬೇಕೆಂಬ ಜಾಹೀರಾತು ಬರೆದವಳೂ ಅವಳೇ. ಬಂದವರಲ್ಲಿ ಒಬ್ಬ, ಎಲ್ಲ ಕೆಡವಿ ಹೊಸದಾಗಿ ಬರೆಯೋಣ ಎಂದ. ಇನ್ನೊಬ್ಬ ಕೋಡಿನ ಮೊದಲ ಪುಟ ನೋಡಿದವನೇ, ಕಾರಿನಲ್ಲಿ ಚಾರ್ಜರ್ ಮರೆತಿದ್ದೇನೆಂದು ಇಳಿದು ಹೋದ, ಹೋದವನು ಹೋದ. ಕೊನೆಗೆ ಬಂದವಳು ಸಣಕಲು ಹೆಂಗಸು, ಮಾತು ಕಡಿಮೆ. ಪಂಪಿನೊಳಗಿನ ಸರ್ಕ್ಯೂಟ್ ಬೋರ್ಡಿನ ಮೇಲಿನ ಚಿಪ್ಪಿನ ಕಾಲುಗಳನ್ನು ಮೊನಚು ಕಡ್ಡಿಯಿಂದ ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. ಮಾವ ಅಂದೇ ಹೆಸರಿಟ್ಟರು: ಸೂಜಿ.

ಸೂಜಿ ಪಂಪಿಗೆ ತಪ್ಪು ಹುಡುಕುವ ತನ್ನ ಡಿಬಗರಿನ ತಂತಿ ಸಿಕ್ಕಿಸಿ, ಒಳಗೆ ನಡೆಯುವುದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ನೋಡುತ್ತ ಕೂತಳು. ದಿನಗಳು ಕಳೆದವು. ಪಂಪು ಒಮ್ಮೆಯೂ ನಿಲ್ಲಲಿಲ್ಲ.

“ನಿಮ್ಮ ಮುಖ ನೋಡಿ ಹೆದರ್ಕೊಂಡಿರ್ಬೇಕು ಮೇಡಂ,” ಎಂದರು ಮಾವ. “ಒಂದು ಕೆಲ್ಸ ಮಾಡೋಣ, ಪ್ರತಿ ಪಂಪಿನ ಜೊತೆ ನಿಮ್ಮನ್ನೂ ಡಬ್ಬಿಗೆ ಹಾಕಿ ಕಳಿಸ್ತೀನಿ. ನಿಮ್ಮ ಸೈಜಿಗೆ ಜಾಗ ಸಾಕಾಗುತ್ತೆ.”

ಪ್ಯಾಕಿಂಗಿನವರು ನಕ್ಕರು. ಗಂಡ ಎಲ್ಲರಿಗಿಂತ ಜೋರಾಗಿ ನಕ್ಕ.

“ಅದೇ ಸರ್ ವಿಷಯ,” ಎಂದಳು ಸೂಜಿ, ನಗು ಮುಗಿದ ಮೇಲೆ. “ನಾನು ನೋಡ್ತಿರೋದ್ರಿಂದ್ಲೇ ಅದು ನಿಲ್ತಿಲ್ಲ. ತಂತಿ ಹಾಕಿದ್ರೆ ಚಿಪ್ಪು ಕೂದಲೆಳೆಯಷ್ಟು ನಿಧಾನ ಆಗುತ್ತೆ. ಡಿಕ್ಕಿ ಹೊಡೀಬೇಕಾದ ಎರಡು ಕೋಡು ಪಕ್ಕಪಕ್ಕದಲ್ಲೇ ಹಾದುಹೋಗ್ತವೆ.”

ವರ್ಕ್‌ಶಾಪಿನ ಗೋಡೆಯ ಬಿಳಿ ಬೋರ್ಡಿನ ಮೇಲೆ ಚಿತ್ರ ಬಿಡಿಸಿದಳು. “ಮೋಟಾರಿನ ಕೋಡು, ಗುಂಡಿಗಳ ಕೋಡು, ಎರಡೂ ಒಂದೇ ಜಾಗದಲ್ಲಿ ಬರೀತವೆ. ಒಂದು ಸ್ಲೇಟು, ಬರೆಯೋರು ಇಬ್ಬರು ಅನ್ಕೊಳ್ಳಿ. ಒಬ್ಬ ಅದರಲ್ಲಿರೋದನ್ನ ಓದ್ಕೊಂಡು, ತನ್ನದು ಸೇರಿಸಿ, ಮತ್ತೆ ಪೂರ್ತಿ ಬರೀಬೇಕು. ಅಷ್ಟರಲ್ಲಿ ಇನ್ನೊಬ್ಬ ನುಗ್ಗಿ ತನ್ನದು ಬರೆದ್ರೆ, ಮೊದಲನೆಯವನ ಕೈಲಿ ಅದು ಅಳಿಸಿಹೋಗುತ್ತೆ. ಅಳಿಸಿಹೋಗಿದ್ದು ‘ಮೋಟಾರ್ ನಡೀಲಿ’ ಅನ್ನೋ ಬಿಟ್, ಅಂದ್ರೆ ಆ ಒಂದು ಗುರುತು, ಆಗಿದ್ರೆ ನಿಂತೇ ಹೋಗುತ್ತೆ.”

“ಅಂದ್ರೆ ಬಿಟ್ ಬಿಟ್ಟುಹೋಗುತ್ತೆ!” ಎಂದರು ಮಾವ. ಮತ್ತೆ ನಗು. “ಇದು ಊಹೆನೋ ಖಾತ್ರಿನೋ?”

“ಊಹೆ. ಇವತ್ತು ಆ ನುಗ್ಗೋ ಸಂದನ್ನ ಬೇಕಂತ್ಲೇ ಅಗಲ ಮಾಡಿದೀನಿ. ತಂತಿ ತೆಗೆದು ಓಡಿಸಿದ್ರೆ ಬೆಳಗಾಗೋದ್ರೊಳಗೆ ನಿಲ್ಲಲೇಬೇಕು. ನಿಲ್ಲದಿದ್ರೆ ನಾನು ದಾರಿ ತಪ್ಪಿದೀನಿ ಅಂತ ಅರ್ಥ. ರಾತ್ರಿ ಇಲ್ಲೇ ಕೂತಿರ್ಲಾ?”

“ಇದು ಲಾಡ್ಜ್ ಅಲ್ಲಮ್ಮಾ. ರಾತ್ರಿ ವರ್ಕ್‌ಶಾಪಿಗೆ ಬೀಗ, ಪಂಪು ಮೇಲೆ ನಮ್ಮ ಹಜಾರದಲ್ಲಿರುತ್ತೆ.”

“ಹಾಗಾದ್ರೆ ಒಂದು ಕ್ಯಾಮೆರಾ ಇಟ್ಟು ಹೋಗ್ತೀನಿ.”

“ಮನೆಯೊಳಗಾ? ಚೆನ್ನಾಗಿದೆ. ನಮ್ಮ ಸೊಸೆ ಇದಾಳಲ್ಲ, ಗೋಡೆ ಮೇಲೆ ಇರುವೆ ಹರಿದ್ರೂ ಎದ್ದು ಕೂರ್ತಾಳೆ. ಅವಳೇ ನಿಮ್ಮ ಕ್ಯಾಮೆರಾ. ನಾಳೆ ಬೆಳಿಗ್ಗೆವರೆಗೆ ಟೈಮು. ನಿಂತ್ರೆ ಕೆಲಸ ನಿಮ್ಮದು, ಇವನ ಕುರ್ಚಿನೂ ನಿಮ್ಮದು. ಇಲ್ಲಾಂದ್ರೆ ದಾರಿ ನೋಡ್ಕೊಳ್ಳಿ.”

ಸೂಜಿ ಅವಳ ಕಡೆ ತಿರುಗಿದಳು. “ಕೇಳಿಸ್ಕೊಳ್ತೀರಲ್ಲ?”

“ಹೂಂ,” ಎಂದಿದ್ದಳು ಅವಳು.

ಈಗ ಕೇಳಿಸಿತ್ತು. ಎದ್ದು ಹಜಾರಕ್ಕೆ ಬಂದಳು. ಗಂಡ ದೀಪ ಹಾಕದೆ ಪಂಪಿನ ಮುಂದೆ ಬರಿಗಾಲಲ್ಲಿ ನಿಂತಿದ್ದ. ಪರದೆಯ ಹಸಿರು ಬೆಳಕು ಅವನ ಗದ್ದಕ್ಕೆ ಬಿದ್ದಿತ್ತು. ಅಂಕಿ ಏರುತ್ತಿತ್ತು. ಸಿರಿಂಜಿನ ಹಿಡಿ ಅಲುಗುತ್ತಿರಲಿಲ್ಲ.

“ರೀ, ನಿಂತಿದೆ.”

“ನಿಂತಿಲ್ಲ,” ಎಂದ ಅವನು. “ಟಾರ್ಚ್ ಹಿಡಿ.”

ಅವಳು ಮೊಬೈಲಿನ ಬೆಳಕು ಹಿಡಿದಳು. ಅವನು ಎರಡು ಗುಂಡಿ ಒತ್ತಿ ಪಂಪನ್ನು ನಿಲ್ಲಿಸಿ, ಸಿರಿಂಜಿನ ಹಿಡಿಯನ್ನು ಹೆಬ್ಬೆರಳಿನಿಂದ ನಯವಾಗಿ ಒತ್ತಿದ. ನೀರು ಕೊಳವೆಯ ತುದಿಯಿಂದ ಅಳತೆಯ ಗ್ಲಾಸಿಗೆ ತೊಟ್ಟಿಕ್ಕಿತು. ಗ್ಲಾಸಿನ ಗೆರೆಯನ್ನೂ ಪರದೆಯ ಅಂಕಿಯನ್ನೂ ಹೋಲಿಸಿ ನೋಡಿ, ಇನ್ನೊಂದು ತೊಟ್ಟು ಬಿಟ್ಟು, ಮತ್ತೆ ಓಡಿಸಿದ. ಗುಂಯ್ ಎಂದು ಶುರುವಾಯಿತು.

“ಆಕೆ ಹೇಳಿದ್ದು ಸರಿ ಅಲ್ವಾ?”

“ಸರಿ. ಅದಕ್ಕೇ.” ಕುರ್ಚಿ ಎಳೆದುಕೊಂಡು ಪಂಪಿನ ಪಕ್ಕ ಕೂತ. “ನೀನು ಹೋಗಿ ಮಲಗು. ಮಲಗೇ ಇದ್ದೆ ನೀನು.”

ಬೆಳಿಗ್ಗೆ ಸೂಜಿ ಬಂದಾಗ ಕೂದಲಿನ್ನೂ ಒದ್ದೆಯಿತ್ತು. ಬ್ಯಾಗು ಕೆಳಗಿಡದೆ ನೇರ ಮೇಜಿನ ಹತ್ತಿರ ಹೋದಳು. ಪಂಪು ಓಡುತ್ತಿತ್ತು. ಬಗ್ಗಿ ಗ್ಲಾಸಿನ ಗೆರೆ ನೋಡಿದಳು, ಅಂಕಿ ನೋಡಿದಳು, ಮತ್ತೆ ಗ್ಲಾಸು ನೋಡಿದಳು. ಒಂದು ಹನಿಯೂ ಹೆಚ್ಚುಕಡಿಮೆ ಇರಲಿಲ್ಲ.

“ರಾತ್ರಿ ನಿಮಗೇನಾದ್ರೂ ಕೇಳಿಸ್ತಾ?”

ಗಂಡ ಬಾಗಿಲ ಹತ್ತಿರ ನಿಂತು ಉಗುರು ಕಚ್ಚುತ್ತಿದ್ದ. ಮಾವ ಕಾಫಿ ಲೋಟವನ್ನು ತುಟಿಯ ಹತ್ತಿರ ಹಿಡಿದೇ ಕಾಯುತ್ತಿದ್ದರು. ಅವಳು ಇದ್ದ ಮಾತುಗಳಲ್ಲೆಲ್ಲ ಚಿಕ್ಕದನ್ನು ಆರಿಸಿಕೊಂಡಳು.

“ಇಲ್ಲ.”

“ಸೂಜಿ ಮೊಂಡಾಯ್ತು!” ಮಾವ ತೊಡೆ ತಟ್ಟಿಕೊಂಡರು. “ಚಿತ್ರ ಮಾತ್ರ ಚೆನ್ನಾಗಿ ಬಿಡಿಸಿದ್ರಿ ಮೇಡಂ. ಅದರ ಕೆಳಗೆ ಒಂದು ಸಾಲು ಬರೆದು ಹೋಗಿ. ‘ಇದು ತಪ್ಪು’ ಅಂತ. ಆಮೇಲೆ ಬರೋರು ಅದನ್ನೇ ನಂಬ್ಕೊಂಡು ಕೂರಬಾರ್ದಲ್ಲ?”

ಆಕೆ ಜಗಳಕ್ಕೆ ನಿಲ್ಲುತ್ತಾಳೆಂದು ಅವಳಿಗೆ ಅನ್ನಿಸಿತ್ತು. ನಿಲ್ಲಲಿ ಎಂದು ಆಸೆಯೂ ಇತ್ತು. ಆಕೆ ವರ್ಕ್‌ಶಾಪಿಗೆ ಇಳಿದು, ಪೆನ್ನು ತೆಗೆದುಕೊಂಡು ತನ್ನ ಚಿತ್ರದ ಕೆಳಗೆ ‘ನನ್ನ ಊಹೆ ತಪ್ಪು’ ಎಂದು ಬರೆದಳು, ಗುಂಡಗಿನ ಅಕ್ಷರದಲ್ಲಿ. ಮಾವ ಆ ಬೋರ್ಡಿನ ಮುಂದೆ ಆಕೆಯನ್ನು ನಿಲ್ಲಿಸಿಯೇ ಫೋಟೋ ತೆಗೆದು, ಯಂತ್ರ ತಯಾರಿಸುವ ತಮ್ಮ ಗೆಳೆಯರ ಗುಂಪಿಗೆ ಕಳಿಸಿದರು. “ಸ್ವಲ್ಪ ನಗಿ ಮೇಡಂ, ನಿಮ್ಮ ಮುಖ ನಮ್ಮ ಪಂಪಿಗಿಂತ ಕೆಟ್ಟಿದೆ,” ಎಂದರು. ಆಕೆ ನಿಜಕ್ಕೂ ಸ್ವಲ್ಪ ನಕ್ಕಳು.

ಅದೇ ವಾರ ಗಂಡ ಬಿಳಿ ಬೋರ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಒಬ್ಬ ಬರೆದು ಮುಗಿಸುವವರೆಗೆ ಇನ್ನೊಬ್ಬ ನುಗ್ಗದಂತೆ ಬಾಗಿಲು ಹಾಕುವ ಎರಡು ಸಾಲನ್ನು ಕೋಡಿಗೆ ಸೇರಿಸಿದ. ಆಮೇಲೆ ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ. ಪಂಪು ಮತ್ತೆ ನಿಲ್ಲಲಿಲ್ಲ.

ಮಾವ ಮಗನ ಹೆಗಲ ಮೇಲೆ ಕೈ ಹಾಕಿದ್ದನ್ನು ಮದುವೆಯಾಗಿ ಬಂದಂದಿನಿಂದ ಅವಳು ನೋಡಿರಲಿಲ್ಲ. ಅಂದು ನೋಡಿದಳು. “ಹೊರಗಿನವಳ ಕೈಲಿ ಆಗ್ಲಿಲ್ಲ, ನನ್ನ ಮಗ ಮಾಡ್ದ,” ಎಂದು ಬಂದುಹೋದವರಿಗೆಲ್ಲ ಹೇಳಿದರು. ಗಂಡ ತಲೆ ಎತ್ತಿ ಉಣ್ಣತೊಡಗಿದ, ಎರಡನೇ ಸಲ ಬಡಿಸಿಕೊಂಡ, ಮಲಗಿದ ಕೂಡಲೇ ಗೊರಕೆ ಹೊಡೆಯತೊಡಗಿದ. ಮನೆಯಲ್ಲಿ ಎಲ್ಲರೂ ಒಳ್ಳೆಯವರಾದರು.

ಸೂಜಿಯ ಫೋನು ಬಂದದ್ದು ಒಂದು ಮಧ್ಯಾಹ್ನ. ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಗಂಡ, ಮಾವ ಇಬ್ಬರೂ ಕೆಳಗಿದ್ದರು.

“ಕೆಲಸ ಕೇಳೋಕಲ್ಲ ಮಾಡಿದ್ದು,” ಎಂದಳು ಆಕೆ. “ಒಂದೇ ಒಂದು ವಿಷಯ. ಆ ರಾತ್ರಿ ಪಂಪು ನಿಂತಿತ್ತಾ? ನಿಂತಿದ್ರೂ ಯಾರಿಗೂ ಹೇಳಲ್ಲ, ನಿಮ್ಮ ಹೆಸರು ಎತ್ತಲ್ಲ. ನನಗೊಬ್ಬಳಿಗೆ ಗೊತ್ತಾದ್ರೆ ಸಾಕು.”

ಅವಳು ಮಡಿಸಿಟ್ಟ ಟವೆಲನ್ನು ಬಿಡಿಸಿ, ಮತ್ತೆ ಮಡಿಸಿದಳು.

“ಯಾಕಂದ್ರೆ ಇಷ್ಟು ವರ್ಷದಲ್ಲಿ ಯಾವುದನ್ನೂ ಅಷ್ಟು ಗಟ್ಟಿಯಾಗಿ ನಂಬಿರ್ಲಿಲ್ಲ ನಾನು. ಅದೇ ತಪ್ಪಾದ್ರೆ... ಈಗ ಯಾವ ಕೋಡ್ ತೆಗೆದ್ರೂ ನಾಲ್ಕು ಸಾಲು ಓದಿ ಮುಚ್ಚಿಬಿಡ್ತೀನಿ. ಮೊನ್ನೆ ಒಂದು ಕೆಲಸ ಬಂದಿತ್ತು, ನನಗೆ ಬರಲ್ಲ ಅಂದ್ಬಿಟ್ಟೆ.”

ಮನೆಯಲ್ಲಿ ಯಾರೂ ಇರಲಿಲ್ಲ. ಯಾರೂ ಉಗುರು ಕಚ್ಚುತ್ತಿರಲಿಲ್ಲ, ಕಾಫಿ ಲೋಟ ಹಿಡಿದು ಕಾಯುತ್ತಿರಲಿಲ್ಲ. ಹೇಳಿದರೆ ಆಕೆ ಯಾರಿಗೂ ಹೇಳುವುದಿಲ್ಲ ಎಂಬುದೂ ಅವಳಿಗೆ ಖಾತ್ರಿಯಿತ್ತು. ಆದರೂ ಹೇಳಿದ ಮೇಲೆ ಲೋಕದಲ್ಲಿ ಎಲ್ಲೋ ಒಬ್ಬಳು, ತಾನು ಎಂಥವಳೆಂದು ತಿಳಿದವಳು, ಓಡಾಡಿಕೊಂಡಿರುತ್ತಾಳೆ.

“ಇಲ್ಲ,” ಎಂದಳು. “ನಿಂತಿರ್ಲಿಲ್ಲ. ಆಮೇಲೆ ನೋಡಿದ್ರೆ ಎಲ್ಲೋ ಬೆಸುಗೆ ಬಿಟ್ಟಿತ್ತಂತೆ.”

ಬೆಸುಗೆಯ ಮಾತನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

“ಬೆಸುಗೇನಾ?” ಎಂದಳು ಆಕೆ. “ಅದು ನನಗೆ ಹೊಳೀಲೇ ಇಲ್ಲ ನೋಡಿ. ಥ್ಯಾಂಕ್ಸ್. ಆ ಮನೇಲಿ ನೀವೊಬ್ಬರು ನಿಜ ಹೇಳ್ತೀರಿ ಅನ್ನಿಸಿತ್ತು.”

ಗಂಡ ಮೇಲೆ ಬಂದಾಗ ಅವಳು ಅವನ ಅಂಗಿಯ ತೋಳು ಮಡಿಸುತ್ತಿದ್ದಳು.

“ಯಾರದೇ ಫೋನು?”

“ರಾಂಗ್ ನಂಬರ್.”

ಆ ರಾತ್ರಿಯದನ್ನು ಅವನೂ ಬಲ್ಲ, ಟಾರ್ಚು ಹಿಡಿ ಎಂದವನು ಅವನೇ. ಬೆಸುಗೆಯ ಸುಳ್ಳು ತನ್ನೊಬ್ಬಳದು, ಅದನ್ನು ಅವನಿಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದುಕೊಂಡು ಅಂಗಿಯನ್ನು ಮಡಿಸಿಟ್ಟಳು.