ಸೆಕೆಂಡಿಗೆ ಏಳು ಅಲೆ

ಬೆಟ್ಟದ ಮೇಲಿನ ತೆಗಲ್ ಕೇರಿಯ ಯಜಮಾನ ರುಂದಾ ಲಾರಿಯಿಂದ ಇಳಿದವರು ಎಂದಿನಂತೆ ಕಾಫಿ ಕೇಳಲಿಲ್ಲ. ಕಂಚಿನ ಪಟ್ಟಿಗಳನ್ನು ಸಾಲಾಗಿ ಜೋಡಿಸಿದ ನಾಲ್ಕು ಗಾಂಗ್ಸಾ ವಾದ್ಯಗಳನ್ನೂ ಇಳಿಸಿ ನಮ್ಮ ಕುಲುಮೆಯ ಮುಂದೆ ಸಾಲಾಗಿ ಇಡಿಸಿದರು. ಹದಿನೈದು ದಿನದ ಹಿಂದೆ ನಮ್ಮಪ್ಪನೇ ಶ್ರುತಿ ಸರಿಮಾಡಿ ಕಳಿಸಿದ್ದ ವಾದ್ಯಗಳು ಅವು.

"ಪಂದೆಯವರೇ, ಬೇಜಾರು ಮಾಡ್ಕೋಬೇಡಿ," ಎಂದರು ರುಂದಾ. "ಜೋಡಿ ಸತ್ತಿದೆ. ಬಾರಿಸಿದ್ರೆ ಅಲೆನೇ ಏಳಲ್ಲ. ಸತ್ತು ಮಣ್ಣಲ್ಲಿ ಕಾಯ್ತಿರೋ ಕೇರಿಯ ಹದಿನೇಳು ಜನಕ್ಕೆ ಮುಂದಿನ ತಿಂಗಳು ಒಟ್ಟಿಗೆ ದಹನ ಇದೆ. ಇದನ್ನ ಬಾರಿಸಿ ಅವರನ್ನ ಕಳಿಸೋದು ಹೇಗೆ ಹೇಳಿ."

ಅಪ್ಪ ಕೊಡತಿ ತೆಗೆದುಕೊಂಡು ಜೋಡಿಯ ಎರಡು ಪಟ್ಟಿಗಳನ್ನು ಒಟ್ಟಿಗೆ ಬಾರಿಸಿದರು. ದನಿ ನೇರವಾಗಿ ಎದ್ದಿತು, ನೇರವಾಗಿ ಹೋಯಿತು. ಅವರ ಮುಖ ಕಪ್ಪಿಟ್ಟಿತು.

"ವಯಸ್ಸಾಯ್ತು," ಎಂದರು ಅಪ್ಪ. "ಕಿವಿ ಹೋಗಿದೆ. ನನ್ನ ತಪ್ಪು."

ಎಪ್ಪತ್ತೊಂದು ವರ್ಷದ ಆಯುಷ್ಯದಲ್ಲಿ ಅವರ ಬಾಯಿಂದ ಈ ಮಾತು ಬಂದದ್ದು ಅದೇ ಮೊದಲು. ಆ ಹೊತ್ತಿಗೆ ನಾನು ನಮ್ಮ ಬಾಲಿ ದ್ವೀಪದ ರಾಜಧಾನಿ ಡೆನ್‌ಪಸಾರಿನ ವಿಶ್ವವಿದ್ಯಾಲಯದಲ್ಲಿ ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯ ಹಿಡಿದು ಕೂತಿದ್ದೆ. ಸಂಜೆ ಅಮ್ಮ ಫೋನಿನಲ್ಲಿ ಇದನ್ನೆಲ್ಲ ಹೇಳಿದಳು. ಕಿವಿ ಹೋದದ್ದು ಯಾರದು ಎಂಬುದು ನನಗೆ ಆ ಕ್ಷಣವೇ ಗೊತ್ತಾಗಿತ್ತು.

ನಮ್ಮಲ್ಲಿ ಯಾವ ವಾದ್ಯವೂ ಒಂಟಿಯಲ್ಲ. ಒಂದು ಗುನುಗುತ್ತದೆ, ಅದರ ಜೊತೆಯದು ಹೀರುತ್ತದೆ. ಅವುಗಳ ಹೆಸರೇ ಹಾಗೆ. ದುಂಬಿಯ ಹಾಗೆ ಗುನುಗುವುದರ ಶ್ರುತಿ ಕೂದಲೆಳೆಯಷ್ಟು ಕೆಳಗೆ, ಹೀರುವುದರದ್ದು ಕೂದಲೆಳೆಯಷ್ಟು ಮೇಲೆ. ಎರಡನ್ನೂ ಒಟ್ಟಿಗೆ ಬಾರಿಸಿದರೆ ದನಿ ಉಬ್ಬಿ ಇಳಿದು ನಡುಗುತ್ತದೆ. ಅದೇ ಅಲೆ. ತೆಗಲ್ ಕೇರಿಯವರದು ಸೆಕೆಂಡಿಗೆ ಏಳು ಅಲೆ. ಅವರ ಅಜ್ಜಂದಿರ ಕಾಲದಿಂದಲೂ ಅಷ್ಟೇ. ಈ ಲೆಕ್ಕ ಅಪ್ಪನ ಬಳಿ, ತಟ್ಟಿದರೆ ಅದೇ ಶ್ರುತಿ ಕೊಡುವ ಬಿದಿರಿನ ಸೀಳುಗಳಲ್ಲಿ ಇತ್ತು. ಕಳೆದ ಮಳೆಗಾಲದಲ್ಲಿ ಆ ಬಿದಿರನ್ನು ಹುಳ ತಿಂದಿತು.

"ಚಿಂತೆ ಯಾಕೆ ಬಾಪಾ? ನಾನು ಯಂತ್ರದಲ್ಲಿ ಅಳೆದು ಅಂಕಿ ಬರೆದುಕೊಡ್ತೀನಿ. ಅಂಕಿಗೆ ಹುಳ ಬೀಳಲ್ಲ," ಎಂದಿದ್ದೆ ನಾನು ಅಪ್ಪನಿಗೆ, ದೊಡ್ಡ ಪಂಡಿತೆಯಂತೆ.

ನನ್ನ ಸಂಶೋಧನೆಯೂ ಈ ಕುಲುಮೆಯಿಂದಲೇ ಹುಟ್ಟಿದ್ದು. ಅಕ್ಕಪಕ್ಕದ ಎರಡು ಕೇರಿಗಳ ಮನೆ ಬೆಲೆಗಳೂ ಜೋಡಿ ಪಟ್ಟಿಗಳ ಹಾಗೆಯೇ ನಡುಗುತ್ತವೆ ಎಂದು ತೋರಿಸುವುದು ನನ್ನ ಆಸೆ. ರಸ್ತೆಬದಿಯ ಕೇರಿಯಲ್ಲಿ ಬೆಲೆ ಏರಿ ಇಳಿಯುವುದು ಒಂದು ಲಯದಲ್ಲಿ. ಗದ್ದೆಯ ಕಡೆಯ ಕೇರಿಯಲ್ಲಿ ಕೊಂಚ ಬೇರೆ ಲಯದಲ್ಲಿ. ಕಂಚಿಗೆ ಬರೆಯುವ ಸಮೀಕರಣವನ್ನೇ ಮನೆಗಳಿಗೂ ಬರೆಯಬಹುದು. ನನ್ನ ಮಾರ್ಗದರ್ಶಕ, ಗೌರವಕ್ಕೆ ನಾವು 'ಪಾಕ್' ಎನ್ನುವ, ಹೆರ್ಮಾವಾನ್‌ಗೆ ಸಮೀಕರಣ ಹಿಡಿಸಿತು, ನಡುಕ ಹಿಡಿಸಲಿಲ್ಲ.

"ಎರಡು ಕೇರಿ ನಡುವೆ ಒಂದು ಕಾಲುವೆ ಅಷ್ಟೇ ಅಲ್ವೇನಮ್ಮಾ? ಒಂದೇ ಊರು ಅಂತ ತಗೋ. ಸರಾಸರಿ ಮಾಡು. ಉಳಿದಿದ್ದು ಬರೀ ಗದ್ದಲ," ಎಂದರು.

ಮಾಡಿದೆ. ಹತ್ತಿರ ಹತ್ತಿರದ ಎರಡು ಅಂಕಿ ಕಂಡರೆ ಒಂದೇ ವಸ್ತುವಿನ ಎರಡು ಅಳತೆ ಎಂದು ತಿಳಿದು ನಡುವಿನದನ್ನು ಆರಿಸುವಂತೆ ಕಂಪ್ಯೂಟರಿಗೆ ಹೇಳಿಕೊಟ್ಟೆ. ಗೆರೆ ಬೆಣ್ಣೆಯಂತೆ ನುಣ್ಣಗೆ ಬಂತು. ಒಂದು ಪತ್ರಿಕೆಯವರು ಅಚ್ಚು ಮಾಡಲೂ ಒಪ್ಪಿದರು. ಆ ಅವಸರದಲ್ಲೇ ತೆಗಲ್ ಕೇರಿಯ ಪಟ್ಟಿಗಳ ಶ್ರುತಿಯನ್ನು ಅವರ ಹಳೆಯ ಧ್ವನಿಮುದ್ರಣದಿಂದ ಅಳೆದು, ಅದೇ ಲೆಕ್ಕಕ್ಕೆ ಕೊಟ್ಟು, ಬಂದ ಅಂಕಿಗಳನ್ನು ಚೀಟಿಯಲ್ಲಿ ಬರೆದು ಅಪ್ಪನಿಗೆ ಕಳಿಸಿದೆ. ಒಂದು ಜೋಡಿಗೆ ಸೆಕೆಂಡಿಗೆ ಇನ್ನೂರ ಎಪ್ಪತ್ತನಾಲ್ಕು, ಇನ್ನೂರ ಎಂಬತ್ತೊಂದು ಕಂಪನ ಇದ್ದಲ್ಲಿ ಚೀಟಿಯಲ್ಲಿ ಇನ್ನೂರ ಎಪ್ಪತ್ತೇಳೂವರೆ ಎಂದಷ್ಟೇ ಇತ್ತು. ಅಪ್ಪ ಜೋಡಿಯ ಎರಡನ್ನೂ ಆ ಒಂದೇ ಅಂಕಿಗೆ ತಂದು ಕೂರಿಸಿದ್ದರು.

ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ಕಂಚಿನ ಕುಲುಮೆಯಲ್ಲಿ ಹುಟ್ಟಿದ ನಾನೇ ಮಾಡಿದ್ದೆ.

ಊರಿಗೆ ಹೊರಟ ದಿನ ಲೋಹದ ಹಬ್ಬ. ನಮ್ಮ ಬಾಲಿಯಲ್ಲಿ ಇನ್ನೂರ ಹತ್ತು ದಿನಕ್ಕೊಮ್ಮೆ ಲೋಹದ ಸಾಮಾನುಗಳಿಗೆಲ್ಲ ಪೂಜೆ. ಬಸ್ಸಿನ ಮೂತಿಗೂ ತೆಂಗಿನ ಗರಿಯ ಹಾರ. ಮನೆಗೆ ಬಂದಾಗ ಕುಲುಮೆಯ ಗುಡಿಯ ಮೇಲೆ ಸುತ್ತಿಗೆ, ಚಿಮ್ಮಟ, ಮುತ್ತಜ್ಜನ ಕಾಲದ ಅರ ಎಲ್ಲ ಬಾಳೆಲೆಯ ಮೇಲೆ ಸಾಲಾಗಿದ್ದವು. ಅರಕ್ಕೆ ಮಾತ್ರ ಬಿಳಿ ಬಟ್ಟೆ ಸುತ್ತಿತ್ತು.

"ಪೂಜೆ ಆದ್ಮೇಲೂ ಅದನ್ನ ಇಳಿಸಲ್ವಂತೆ," ಎಂದು ಅಮ್ಮ ಪಿಸುಗುಟ್ಟಿದಳು. "ತೆಗಲ್ ಕೇರಿ ಕೆಲಸಾನ ನಿನ್ನ ದೊಡ್ಡಪ್ಪನ ಮಗನಿಗೆ ಕೊಡ್ತಾರಂತೆ. ಮೂರು ದಿನದಿಂದ ಸರಿಯಾಗಿ ಊಟಾನೂ ಇಲ್ಲ."

ಅಪ್ಪ ನನ್ನ ಚೀಲ ನೋಡಿ, "ನಿನ್ನ ಕಂಪ್ಯೂಟರ್ರೂ ಲೋಹನೇ ಅಲ್ವಾ ಡೆಕ್? ಇಡು, ಪೂಜೆ ಮಾಡೋಣ," ಎಂದರು. ಮುದ್ದಿನಿಂದ ಡೆಕ್ ಎಂದು ಕರೆದರೂ ದನಿಯಲ್ಲಿ ಜೀವವಿರಲಿಲ್ಲ.

ಕಂಪ್ಯೂಟರನ್ನು ಅರದ ಪಕ್ಕದಲ್ಲಿಟ್ಟೆ. ಅಕ್ಕಿಕಾಳು, ಹೂವು, ನೀರು ಬಿತ್ತು. ನನಗೆ ತಡೆಯಲಾಗಲಿಲ್ಲ.

"ಬಾಪಾ, ನಿಮ್ಮ ಕಿವಿ ಸರಿಯಾಗೇ ಇದೆ. ಚೀಟಿ ತಪ್ಪು. ನಾನು ಜೋಡಿನ ಒಂದು ಮಾಡ್ಬಿಟ್ಟೆ. ಎರಡು ಅಂಕಿ ಬರೀಬೇಕಿದ್ದ ಕಡೆ ಒಂದೇ ಬರೆದೆ."

ಅಪ್ಪ ಬಾಳೆಲೆಯ ಮೇಲಿನ ಸುತ್ತಿಗೆಯನ್ನು ನೆಟ್ಟಗೆ ಸರಿಸಿಟ್ಟರು. ಬೈದುಬಿಡಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನನಗೆ ಕೇಳಿಸಿತ್ತು," ಎಂದರು ಕೊನೆಗೆ. "ಮೊದಲನೇ ಪಟ್ಟಿ ಮುಗಿಸಿ ಜೋಡಿ ಬಾರಿಸಿದಾಗಲೇ ಕೇಳಿಸಿತ್ತು, ಅಲೆ ಇಲ್ಲ ಅಂತ. ನೀನು ಕೊಟ್ಟ ಯಂತ್ರ ನೋಡಿದೆ, ನಿನ್ನ ಅಂಕಿನೇ ತೋರಿಸ್ತಿತ್ತು. ಓದಿದ ಮಗಳು ಬರೆದಿದ್ದಾಳೆ, ಅಲೆ ಇದ್ದೇ ಇರತ್ತೆ, ನನಗೇ ಕೇಳಿಸ್ತಿಲ್ಲ ಅಂದ್ಕೊಂಡೆ. ನಲವತ್ತು ಪಟ್ಟಿನೂ ಹಾಗೇ ಉಜ್ಜಿದೆ ಡೆಕ್. ಒಂದೊಂದಕ್ಕೂ ನನ್ನ ಕಿವಿಗೆ ಛೀಮಾರಿ ಹಾಕ್ತಾ ಉಜ್ಜಿದೆ."

ನಾನು ಅತ್ತೆ. ಅಳುವುದು ಬಿಟ್ಟು ಬೇರೆ ದಾರಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನೇ ಅರದ ಬಟ್ಟೆ ಬಿಚ್ಚಿ ಅವರ ಕೈಗೆ ಕೊಟ್ಟೆ. ಕೆಲಸ ಸುಲಭದ್ದಾಗಿರಲಿಲ್ಲ. ಪಟ್ಟಿಯ ಹೊಟ್ಟೆಯಡಿ ಕೆರೆದರೆ ಶ್ರುತಿ ಇಳಿಯುತ್ತದೆ, ತುದಿ ಉಜ್ಜಿದರೆ ಏರುತ್ತದೆ. ಹೇಗಿದ್ದರೂ ಕಂಚು ಸವೆಯುತ್ತದೆ. ಇವು ಆಗಲೇ ತೆಳ್ಳಗಾಗಿದ್ದವು. ಇನ್ನೊಮ್ಮೆ ತಪ್ಪಿದರೆ ಕರಗಿಸಿ ಹೊಸದಾಗಿ ಎರೆಯಬೇಕು. ದಹನದ ದಿನ ಅದಕ್ಕೆ ಕಾಯುವುದಿಲ್ಲ.

ಅಪ್ಪ ಒಂದು ಏಟು ಉಜ್ಜುತ್ತಿದ್ದರು, ಬಾರಿಸುತ್ತಿದ್ದರು, ನನ್ನ ಕಡೆ ತಿರುಗುತ್ತಿದ್ದರು.

"ಸರಿ ಇದೆಯಾ, ಡೆಕ್?"

ಮತ್ತೆ ಒಂದು ಏಟು. "ಸರಿ ಇದೆಯಾ?"

ಯಾರನ್ನೂ ಕೇಳದೆ ಐವತ್ತು ವರ್ಷ ಕೆಲಸ ಮಾಡಿದ ಮನುಷ್ಯ. ತಪ್ಪು ಒಪ್ಪಿಕೊಂಡರೆ ಎಲ್ಲ ಮೊದಲಿನಂತಾಗುತ್ತದೆ ಎಂದುಕೊಂಡಿದ್ದ ನನ್ನ ದಡ್ಡತನಕ್ಕೆ ಏನು ಹೇಳಲಿ? ನಾನು ಹಾಳು ಮಾಡಿದ್ದು ಕಂಚನ್ನಷ್ಟೇ ಅಲ್ಲ. ಮೂರನೇ ಪಟ್ಟಿಗೆ ಬಂದಾಗ ಅಳೆಯುವ ಯಂತ್ರವನ್ನು ಆಫ್ ಮಾಡಿ ಅಮ್ಮನ ಅಡುಗೆಮನೆಗೆ ಕಳಿಸಿಬಿಟ್ಟೆ.

"ಇನ್ನು ನನ್ನ ಕೇಳಬೇಡಿ ಬಾಪಾ. ನನಗೂ ಗೊತ್ತಾಗಲ್ಲ."

"ತಪ್ಪಿದ್ರೆ?"

"ತಪ್ಪಿದ್ರೆ ರುಂದಾ ಅವರ ಮುಂದೆ ಇಬ್ಬರೂ ನಿಲ್ಲೋಣ."

ಅಪ್ಪ ಅರ ಎತ್ತಿಕೊಂಡರು. ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ. ಅರದ ಸದ್ದು, ಆಮೇಲೆ ಜೋಡಿ ದನಿ, ಮತ್ತೆ ಅರದ ಸದ್ದು. ಒಮ್ಮೆ ದನಿ ಸ್ವಲ್ಪವೇ ನಡುಗಿತು. ನಡುಕ ಬಿಗಿಯಾಗುತ್ತ ಬಂದು ಒಂದು ಹಂತದಲ್ಲಿ ಎದೆಗೆ ಬಂದು ತಾಗಿತು. ಅಪ್ಪ ಮತ್ತೆ 'ಸರಿ ಇದೆಯಾ' ಅಂತ ಕೇಳುತ್ತಾರೇನೋ ಎಂದು ಕಾದೆ. ಕೇಳಲಿಲ್ಲ. ಪಟ್ಟಿಯನ್ನು ಪಕ್ಕಕ್ಕಿಟ್ಟು ಮುಂದಿನದನ್ನು ಎತ್ತಿಕೊಂಡರು.

ನಲವತ್ತು ಪಟ್ಟಿಗಳಿಗೆ ಒಂಬತ್ತು ದಿನ ಹಿಡಿಯಿತು. ಆ ದಿನಗಳಲ್ಲಿ ನಾನು ಕುಲುಮೆಯ ಮೂಲೆಯಲ್ಲಿ ಕೂತು ನನ್ನ ನುಣ್ಣನೆಯ ಗೆರೆಯನ್ನು ಮತ್ತೆ ನೋಡಿದೆ. ನಮ್ಮ ಚಿಕ್ಕಮ್ಮ ರಸ್ತೆಬದಿಯಲ್ಲಿ ಬಾಡಿಗೆ ಏರಿದಾಗ ಗದ್ದೆಯ ಕಡೆ ಹೋದಳು, ಅಲ್ಲಿ ಏರಿದಾಗ ಈ ಕಡೆ ಬಂದಳು, ಮತ್ತೆ ಹೋದಳು. ಎರಡು ಬೆಲೆಗಳ ನಡುವಿನ ಆ ಸಣ್ಣ ಬಿರುಕಿನಲ್ಲೇ ಮೂರು ಮಕ್ಕಳನ್ನು ಸಾಕಿದಳು. ನನ್ನ ಗೆರೆಯಲ್ಲಿ ಆ ಬಿರುಕೇ ಇರಲಿಲ್ಲ. ನಾನು ಗದ್ದಲ ಎಂದು ಗುಡಿಸಿ ಹಾಕಿದ್ದು ಅವಳ ಮನೆಯನ್ನು.

ಪಾಕ್ ಹೆರ್ಮಾವಾನ್‌ಗೆ ಫೋನ್ ಮಾಡಿ ಲೇಖನ ವಾಪಸ್ ತಗೊಳ್ತೀನಿ ಎಂದೆ.

"ತಲೆ ಕೆಟ್ಟಿದೆಯೇನಮ್ಮಾ? ಒಂದು ವರ್ಷ ಹೋಗತ್ತೆ!"

"ಹೋಗಲಿ ಪಾಕ್. ಎರಡು ಗೆರೆ ಬೇಕು."

ಅವರು ಇನ್ನೂ ನನ್ನ ಮೇಲೆ ಮುನಿಸಿಕೊಂಡೇ ಇದ್ದಾರೆ.

ಹತ್ತನೇ ದಿನ ರುಂದಾ ಲಾರಿ ತಂದರು. ಚೀಟಿಯ ತಪ್ಪನ್ನು ನಾನೇ ಅವರಿಗೆ ಹೇಳಿದೆ. ಈ ಸಲ ಕಾಫಿ ಕುಡಿದರು, ಆದರೆ ಕಣ್ಣೆಲ್ಲ ವಾದ್ಯಗಳ ಮೇಲೆ. ಅಪ್ಪ ಕೊಡತಿಯನ್ನು ಅವರ ಕೈಗೇ ಕೊಟ್ಟರು. ರುಂದಾ ಬಾರಿಸಿ ಕಣ್ಣು ಮುಚ್ಚಿದರು. ದನಿ ನಡುಗುತ್ತ ಅಂಗಳ ದಾಟಿ ಗದ್ದೆಯ ಕಡೆ ಹೋಯಿತು.

"ಬದುಕಿದೆ," ಎಂದರು ರುಂದಾ. ಮತ್ತೆ ನನ್ನ ಕಡೆ ನೋಡಿ, ಅಪ್ಪನನ್ನು ಕೇಳಿದರು: "ಈ ಸಲ ಮಗಳು ಸರಿಯಾಗಿ ಅಳೆದಳಾ?"

ಅಪ್ಪ ಅರವನ್ನು ಪಂಚೆಯ ತುದಿಯಿಂದ ಒರೆಸುತ್ತಿದ್ದರು.

"ಇಲ್ಲ," ಎಂದರು. "ಈ ಸಲ ಅವಳು ಕಿವಿಗೊಟ್ಟು ಕೇಳಿದ್ಲು."