ಸರಿಸಿದ ಕಾಯಿ

ಬಸವಪ್ರಭು ಕವಡೆ ಕುಲುಕಿದ ಸದ್ದಿಗೇ ರಂಜನಾ ಕೈಕೆಲಸ ಬಿಟ್ಟು ಬಂದು ಎದುರಿಗೆ ಕೂತಳು. ಗಂಡ ಎಷ್ಟೋ ತಿಂಗಳ ಮೇಲೆ ತಾನಾಗಿಯೇ ಸೀಮೆಸುಣ್ಣ ಕೇಳಿ, ನೆಲದ ಮೇಲೆ ಚೌಕಾಬಾರದ ಮನೆ ಬರೆದಿದ್ದ.

ಚಾಕಣದ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವನು. ಯಾವ ಸಾಮಾನು ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಅಂಥವನು ಕೊಂಢವಾ ಬಡಾವಣೆಯ ತನ್ನ ಓಣಿಯಲ್ಲೇ ದಾರಿ ತಪ್ಪಿದಾಗ, ಮೈಯಲ್ಲಿದ್ದ ಎಚ್‌ಐವಿ ತಲೆಗೇರಿತೆಂದು ರಂಜನಾ ಕೈಚೆಲ್ಲಿದ್ದಳು.

ಆದರೆ ಕಾರಣ ಅದೊಂದೇ ಅಲ್ಲ; ತಪ್ಪು ಗಂಡ ಹೆಂಡತಿ ಇಬ್ಬರದೂ ಇತ್ತು. ಅವನು ಸ್ಕೂಟರಿನಿಂದ ಬಿದ್ದು ಸೊಂಟ ಹಿಡಿದಾಗ, ಕನ್ನಡ ಮಾತಾಡುತ್ತಾರೆಂಬ ಅಕ್ಕರೆಗೆ ಊರ ಕಡೆಯ ಡಾಕ್ಟರೊಬ್ಬರ ಹತ್ತಿರ ಹೋದರು. ಊರ ಕಡೆಯವರೆಂದೇ, ಮಾತು ಊರಿಗೆ ಮುಟ್ಟೀತೆಂದು ಎಚ್‌ಐವಿ ಸುದ್ದಿ ಬಾಯಿಬಿಡಲಿಲ್ಲ. ಅವರು ಟ್ರಮಡಾಲ್ ಎಂಬ ನೋವಿನ ಗುಳಿಗೆ ಬರೆದುಕೊಟ್ಟರು. ನೋವು ಹೋದ ಮೇಲೂ ಆ ಗುಳಿಗೆ ಇಲ್ಲದಿದ್ದರೆ ಅವನಿಗೆ ಬೆವರು, ನಡುಕ; ಹಳೆಯ ಚೀಟಿ ತೋರಿಸಿ ತರುತ್ತಲೇ ಇದ್ದ. ಎಚ್‌ಐವಿ ಔಷಧ ಕೊಡುವ ಆಸ್ಪತ್ರೆಯಲ್ಲಿ ಇದನ್ನು ಹೇಳಲೇ ಇಲ್ಲ.

ಕೊನೆಗೆ ರಂಜನಾ ಎರಡೂ ಥರದ ಗುಳಿಗೆಗಳನ್ನು ಅಲ್ಲಿಯ ಡಾಕ್ಟರಬಾಯಿಯ ಮೇಜಿನ ಮೇಲೆ ಸುರಿದಳು. ಆಕೆ ಬೈಯದೆ ಮರಾಠಿಯಲ್ಲಿ ಬಿಡಿಸಿ ಹೇಳಿದರು: ರಕ್ತದಲ್ಲಿ ವೈರಸ್ ಹತೋಟಿಗೆ ಬಂದರೂ ಮಿದುಳಿನಲ್ಲಿ ಸಣ್ಣ ಉರಿಯೂತ ಉಳಿದಿರಬಹುದು, ಇಂಥ ನೋವಿನ ಗುಳಿಗೆ ಅದನ್ನು ಕೆದಕುತ್ತದೆಂಬ ಗುಮಾನಿ ಸಂಶೋಧಕರಿಗಿದೆ, ಗುಳಿಗೆಯೇ ಬುದ್ಧಿಗೆ ಮಂಕು ಕವಿಸುವುದಂತೂ ಹೌದು. ಒಮ್ಮೆಲೇ ಬಿಡಿಸಬಾರದು, ಇಳಿಸುತ್ತ ಬರೋಣ. ಎಷ್ಟು ನೆನಪು ಮರಳುತ್ತದೋ ಹೇಳಲಾರೆ ಎಂದಿದ್ದರು.

ಟ್ರಮಡಾಲ್ ಈಗ ಪೂರ್ತಿ ನಿಂತಿತ್ತು. ಮರಳಿದ್ದು ಎಷ್ಟು?

ರಂಜನಾಗೆ ಮೂರು ಬಿತ್ತು. ಅವಳ ಕಾಯಿಯಿಂದ ಸರಿಯಾಗಿ ಮೂರನೆಯ ಮನೆಯಲ್ಲಿ ಅವನ ಕಾಯಿ, ಕಡಿಯಲೇಬೇಕು. ಅವನು ನೀರಿನ ತಂಬಿಗೆಗೆ ಹೊರಳಿದಾಗ, ಕಾಯಿಲೆಯ ದಿನಗಳ ರೂಢಿಯಂತೆ ಅವಳ ಬೆರಳು ಆ ಕಾಯಿಯನ್ನು ಮೆಲ್ಲಗೆ ಮುಂದೆ ಸರಿಸಿತು. ಆಗೆಲ್ಲ ಅವನಿಗೆ ತನ್ನ ಕಾಯಿ ಯಾವುದೆಂಬುದೇ ತಿಳಿಯುತ್ತಿರಲಿಲ್ಲ.

ಅವನು ತಂಬಿಗೆ ಇಟ್ಟ. ಹುಬ್ಬು ಗಂಟಿಕ್ಕಿ ಮನೆಗಳನ್ನೇ ನೋಡಿದ.

"ನನ್ನ ಕಾಯಿ ಇಲ್ಲಿತ್ತಲ್ಲ?" ಕಾಯಿಯನ್ನು ಹಿಂದಕ್ಕೆಳೆದು ಅದೇ ಮನೆಯಲ್ಲಿಟ್ಟ. "ನಿನಗ ಮೂರು ಬಿದ್ದದ. ಕಡೀಬೇಕಿತ್ತು. ನನ್ನ ಮ್ಯಾಲೆ ಕನಿಕರ ಏನ?"

ಅಡುಗೆಮನೆಯಿಂದ ಅತ್ತೆ ನಾಗವ್ವ ಕೂಗಿದಳು: "ಲಗ್ನ ಆದಾಗಿಂದ ಮೋಸಾನ ಮಾಡ್ತಾಳಪಾ. ಇವತ್ತ ಸಿಕ್ಕಬಿದ್ಲು."

ರಂಜನಾ ಅವನ ಕಾಯಿ ಕಡಿದಳು. ಕಣ್ಣು ಮಂಜಾಗಿತ್ತು, ನಗು ತಡೆಯಲಾಗುತ್ತಿರಲಿಲ್ಲ.

"ಕವಡಿ ಹಾಕು," ಎಂದ ಅವನು. "ಕಡಿದವರದ ಮತ್ತೊಂದ ಪಾಳಿ."

ಅವಳು ಎಷ್ಟು ಜೋರಾಗಿ ಎಸೆದಳೆಂದರೆ ಕವಡೆಗಳೆಲ್ಲ ಮಂಚದ ಕೆಳಗೆ ಉರುಳಿದವು.