ಕೊಕ್ಕರೆಯ ಪಟ, ಧಣಿಗಳ ಚೆಂಬು

ನಮ್ಮ ಮನೆಯ ಹುಲ್ಲಿನ ಮಾಡಿನಲ್ಲಿ ಒಂದು ತೂತು ಇತ್ತು. ಮುಚ್ಚಲಿಕ್ಕೆ ಮೂರು ವರ್ಷ ಹುಲ್ಲು ಕೇಳಿದೆವು. "ಮುಂದಿನ ವರ್ಷ ನೋಡುವ" ಎಂದರು ಧಣಿ ಸಂಕಪ್ಪನವರು. ಮಿಜಾರಿನಲ್ಲಿ ನಾವು ಅವರ ಒಕ್ಕಲು. ಮಳೆಗಾಲದಲ್ಲಿ ತೂತಿನ ಕೆಳಗೆ ಮಡಕೆ ಇಡುತ್ತಿದ್ದೆವು. ಬೇಸಗೆಯಲ್ಲಿ ಅಲ್ಲಿ ಬಿದ್ದ ಬಿಸಿಲಿಗೆ ಕೂತು ನಾನು ತೆಂಗಿನ ಗೆರಟೆ ಕೆತ್ತಿ, ಉಜ್ಜಿ, ಎಣ್ಣೆ ಹಚ್ಚಿ ಹೆಬ್ಬೆರಳುದ್ದದ ಕೊಕ್ಕರೆ ಮಾಡುತ್ತಿದ್ದೆ. ಹತ್ತು ಕೊಕ್ಕರೆಗೆ ಧಣಿಗಳು ಒಂದು ಸೇರು ಅಕ್ಕಿ ಕೊಡುತ್ತಿದ್ದರು. ಅದೂ ಮುಗ್ಗಲು.

ಐವತ್ತೆಂಟನೇ ಇಸವಿ ಇರಬೇಕು. ಮೂಡಬಿದ್ರೆಯಲ್ಲಿ ಕೈಕೆಲಸದ ಸಂಘ ಶುರುವಾಯಿತು. ವಸ್ತುವಿನ ಪಟ ಕಳಿಸಬೇಕು, ಹಿಡಿಸಿದರೆ ಮಾಡಿದವರ ಹೆಸರಿಗೇ ವರ್ಷವಿಡೀ ಕೆಲಸ.

"ನನ್ನ ಹೆಸರಲ್ಲಿ ಕಳಿಸುವ" ಎಂದರು ಧಣಿಗಳು. "ನಿನಗೆ ಓದಲಿಕ್ಕೆ ಬರ್ತದಾ?"

ಬರುತ್ತಿರಲಿಲ್ಲ. ರಾತ್ರಿ ಶಾಲೆಗೆ ನಾನು ಹೋದದ್ದು ಆಮೇಲೆ.

ಧಣಿಗಳ ಜೊತೆ ಬಂಟ್ವಾಳದ ಪಟ ತೆಗೆಯುವ ಇಬ್ರಾಹಿಂ ಖಲೀಲ್ ಕ್ಯಾಮರಾ ಹೊತ್ತು ಬಂದ. ಅಂಗಳ ನೋಡಿ ತಲೆಯಾಡಿಸಿದ. "ಹೊರಗೆ ಬಿಸಿಲು ಜೋರು. ನೆರಳು ಮಸಿಯ ಹಾಗೆ ಬೀಳ್ತದೆ." ಒಳಗೆ ಬಂದವನು ಮಾಡು ನೋಡಿ ಕುಣಿದ. "ಆಹಾ, ಎಂಥಾ ತೂತು ಮಾರಾಯ್ರೆ! ಯಾರು ಮಾಡಿಸಿದ್ದು?"

"ಧಣಿಗಳೇ" ಎಂದರು ನನ್ನ ಅತ್ತೆ ಸೇಸಮ್ಮ. "ಮೂರು ವರ್ಷದಿಂದ ಜೋಪಾನ ಮಾಡ್ತಾ ಇದ್ದಾರೆ."

ಧಣಿಗಳು ಮನೆಯಿಂದ ತಮ್ಮ ಹೆಸರು ಕೊರೆಸಿದ ಹಿತ್ತಾಳೆ ಚೆಂಬು ತರಿಸಿದರು. "ಕೊಕ್ಕರೆಯ ಹಿಂದೆ ಇಡು. ಹುಳಿ ಹಾಕಿ ಚೆನ್ನಾಗಿ ತಿಕ್ಕು, ಹೆಸರು ಕಾಣ್ಬೇಕು."

ತಿಕ್ಕಿದೆ. ಕನ್ನಡಿಯಾಯಿತು.

"ಈಚೆಯಿಂದ ಒಂದು ಬಿಳಿ ಬಟ್ಟೆ ಎತ್ತಿ ಹಿಡಿಯಬೇಕು, ಬೆಳಕು ಹೊರಳಿ ಕೊಕ್ಕರೆ ಮೇಲೆ ಬೀಳ್ತದೆ. ಬೇಗ, ಬಿಸಿಲು ಜಾರ್ತಾ ಉಂಟು!" ಎಂದ ಖಲೀಲ್.

ನಮ್ಮಲ್ಲಿ ಬಿಳಿ ಬಟ್ಟೆ ಎಲ್ಲಿಂದ? ಎಲ್ಲರೂ ಧಣಿಗಳು ಉಟ್ಟ ಬಿಳಿ ಮುಂಡು ನೋಡಿದೆವು.

"ಕೊಡಿ, ನಾನು ಹಿಡೀತೇನೆ" ಎಂದೆ.

"ನೀನು ಮುಟ್ಟಿದರೆ ಮೈಲಿಗೆ! ಹೆಂಗಸರೆಲ್ಲ ಹೊರಗೆ ಹೋಗಿ."

ಹೋದೆವು. ತಟ್ಟಿಯ ಸಂದಿಯಿಂದ ನೋಡಿದೆವು. ಧಣಿಗಳು ಕೋಮಣದಲ್ಲಿ, ಎರಡೂ ಕೈಯಲ್ಲಿ ಮುಂಡು ತಲೆಯ ಮೇಲೆ ಎತ್ತಿ ನಿಂತಿದ್ದರು. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡರು. ಪಟವಾದ ಮೇಲೆ ಧಣಿಗಳು ಮುಂಡು ಸುತ್ತಿಕೊಂಡು, "ಚೆಂಬು ತೊಳೆದಿಡು, ಆಳು ಬರ್ತಾನೆ" ಎಂದು ಹೋದರು. ಆಳು ಬರಲೇ ಇಲ್ಲ.

ತಿಂಗಳ ಮೇಲೆ ಸಂಘದಲ್ಲಿ ಆ ಪಟ ಗೋಡೆಯಷ್ಟು ದೊಡ್ಡದಾಗಿ ತೂಗುತ್ತಿತ್ತು. ಮುಂದೆ ನಲ್ವತ್ತು ಜನ, ಅವರ ನಡುವೆ ನಾನು, ಅತ್ತೆ. ಧಣಿಗಳು ಜರಿ ಶಾಲು ಹಾಕಿ ಬಂದಿದ್ದರು. ಸಂಘದ ಗುರುವಪ್ಪ ಮಾಸ್ತರರು ಕನ್ನಡಕ ಏರಿಸಿ, ಚೆಂಬಿನ ಮೇಲೆ ಬೆರಳಿಟ್ಟರು. "ಕೊಕ್ಕರೆ ಬಹಳ ಚೆಂದ ಉಂಟು. ಆದರೆ ಇದರೊಳಗೆ ಕೋಮಣದಲ್ಲಿ ನಿಂತವರು ಯಾರು?"

"ಕಾಲು ಕೊಕ್ಕರೆಗಿಂತ ಸಪೂರ" ಎಂದರು ಅತ್ತೆ.

ಜನ ಹೊಟ್ಟೆ ಹಿಡಿದುಕೊಂಡರು.

"ಮೇಲೆ ಸಂಕಪ್ಪ ಅಂತ ಹೆಸರು ಉಂಟಲ್ಲ?"

"ನಾನಲ್ಲ!" ಧಣಿಗಳು ಬೆವರಿದರು. "ಆ ಚೆಂಬು ನಂದಲ್ಲ. ಕೊಕ್ಕರೆಯೂ ನಂದಲ್ಲ!"

"ಹಾಗಾದರೆ ಯಾರದ್ದು?"

ಧಣಿಗಳಿಗೆ ನಾನು ಅದುವರೆಗೆ ಎದುರು ಮಾತಾಡಿದವಳಲ್ಲ. "ನನ್ನದು" ಎಂದೆ. "ಪದ್ಮಾಕ್ಷಿ ಅಂತ ಬರೀರಿ. ಚೆಂಬೂ ನನ್ನದೇ."

ಬರೆದರು.

ಮರುದಿನ ಚೆಂಬಿಗೆ ಆಳು ಬಂದ. "ಧಣಿಗಳೇ ಬರಲಿ" ಎಂದರು ಅತ್ತೆ. "ಆ ನಲ್ವತ್ತು ಜನರ ಮುಂದೆ ತನ್ನದು ಅಂತ ಹೇಳಿ ತಕ್ಕೊಂಡು ಹೋಗಲಿ."

ಬರಲಿಲ್ಲ.

ಆ ಬೇಸಗೆ ಕೊನೆಗೆ ಎಂಟು ಒಕ್ಕಲಿನ ಹೆಂಗಸರು ಒಟ್ಟಾಗಿ ಧಣಿಗಳ ಅಂಗಳಕ್ಕೆ ಹುಲ್ಲು ಕೇಳಲಿಕ್ಕೆ ಹೋದೆವು. ಚೆಂಬನ್ನು ಹುಳಿ ಹಾಕಿ ತಿಕ್ಕಿ, ನಾನೇ ಮುಂದೆ ಹಿಡಿದುಕೊಂಡಿದ್ದೆ. ಬಿಸಿಲಿಗೆ ಅದು ಫಳಫಳ ಹೊಳೆಯಿತು.

ನಾವು ಬಾಯಿ ತೆರೆಯುವ ಮೊದಲೇ ಹುಲ್ಲು ಹೊರಗೆ ಬಂತು. ಎಂಟು ಮನೆಗೂ.